ಪೆಟ್ಟಿಗೆಯೊಳಗಿನ ಕಾಲು

ಮೂವತ್ತಾರು ತುಂಬಿದ ಹೆಂಗಸನ್ನು ಪುಟ್ಟಿ ಎಂದು ಕರೆಯುವುದು ಎಷ್ಟು ಸರಿ ಎಂದು ಆ ಮನೆಯಲ್ಲಿ ಯಾರೂ ಕೇಳಿಕೊಂಡಿರಲಿಲ್ಲ. ಅಕ್ಕ ಕರೆದಳು, ಭಾವ ಕರೆದರು, ಕೊನೆಗೆ ಬೀದಿಯವರೂ ಕರೆದರು. ಬಸ್ ನಿಲ್ದಾಣದ ಮೂರನೇ ಕಿಟಕಿಯಲ್ಲಿ ಕೂತು ದಿನಕ್ಕೆ ಎಂಟು ಗಂಟೆ ಊರೂರಿಗೆ ಹೋಗುವವರಿಗೆ ಟಿಕೆಟ್ ಕೊಡುವುದು ಅವಳ ಕೆಲಸ. ಎಲ್ಲರನ್ನೂ ಎಲ್ಲೆಲ್ಲಿಗೋ ಕಳಿಸಿ ತಾನು ಮಾತ್ರ ಕೂತಲ್ಲೇ ಕೂರಬೇಕು. ಆ ಗೂಡಿನಲ್ಲಿ ಕಾಲು ಚಾಚಿದರೆ ಗೋಡೆ, ಕೈ ಚಾಚಿದರೆ ಗಾಜು. ಅಂಥವಳು ಬೆಳಗ್ಗೆ ಬೇಗ ಎದ್ದು ಶೂ ಕಟ್ಟಿಕೊಂಡು ಓಡುವುದಕ್ಕೆ ಹೊರಟರೆ ಅದರಲ್ಲಿ ಆಶ್ಚರ್ಯಪಡುವುದೇನಿದೆ? ಹತ್ತು ಕಿಲೋಮೀಟರಿನಿಂದ ಶುರುವಾದದ್ದು ಇಪ್ಪತ್ತಾಯಿತು, ಮೂವತ್ತಾಯಿತು. "ನಾಯಿ ಅಟ್ಟಿಸಿಕೊಂಡು ಬಂದ ಹಾಗೆ ಯಾಕೆ ಹೀಗೆ ಓಡ್ತೀಯೇ?" ಎಂದು ಅಕ್ಕ ಬೈಯುತ್ತಿದ್ದಳು. ಓಡುವಾಗ ಪುಟ್ಟಿ ಯಾರ ತಂಗಿಯೂ ಆಗಿರಬೇಕಾಗಿರಲಿಲ್ಲ, ಯಾವ ಕಿಟಕಿಯ ಹಿಂದೆಯೂ ಕೂರಬೇಕಾಗಿರಲಿಲ್ಲ. ಅವಳದು ಅಂತ ಇದ್ದದ್ದು ಅದೊಂದೇ.

ಭಾವನ ವಿಷಯವನ್ನೂ ಸ್ವಲ್ಪ ಹೇಳಬೇಕು. ಅವರು ಒಳ್ಳೆಯವರು. ತೊಂದರೆಯೆಲ್ಲ ಇರುವುದು ಅಲ್ಲೇ. ಕೆಟ್ಟವರಾಗಿದ್ದರೆ ಪುಟ್ಟಿ ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಿದ್ದಳು. ಕೆಳಗೆ ಫೋಟೋ ಸ್ಟುಡಿಯೋ, ಮೇಲೆ ಮನೆ ಎಂದು ಮೂವತ್ತು ವರ್ಷ ಬದುಕಿದವರು. ಅಮ್ಮ ಹೋದ ಮೇಲೆ ಒಂಬತ್ತು ವರ್ಷದ ಪುಟ್ಟಿಯನ್ನು ಅಕ್ಕ ಕೈಹಿಡಿದು ಕರೆತಂದಾಗ, "ಮದುವೆಗೆ ಯಾರೂ ಕೊಡದ ಉಡುಗೊರೆ ಇದು" ಎಂದು ನಕ್ಕು ಒಳಗೆ ಬಿಟ್ಟುಕೊಂಡವರು. ಅವರ ಕೈಗೆ ಒಂದು ಗುಣವಿತ್ತು. ಅವರ ಕ್ಯಾಮೆರಾದ ಮುಂದೆ ಕೂತವರು ಯಾರೂ ಕುರೂಪಿಗಳಾಗಿ ಹೊರಗೆ ಹೋಗುತ್ತಿರಲಿಲ್ಲ. ಮೆಳ್ಳೆಗಣ್ಣಿನವರನ್ನು ಓರೆಯಾಗಿ ಕೂರಿಸುತ್ತಿದ್ದರು, ಬೋಳುತಲೆಯ ಮೇಲೆ ಬೆಳಕು ಮಿಂಚದಂತೆ ನೋಡಿಕೊಳ್ಳುತ್ತಿದ್ದರು, ಎರಡು ಗದ್ದವಿದ್ದವರಿಗೆ ಒಂದೇ ಗದ್ದ ಕೊಟ್ಟು ಕಳಿಸುತ್ತಿದ್ದರು. "ಗದ್ದ ಒಂದು ಚೂರು ಕೆಳಗೆ, ಭುಜ ಸಡಿಲ, ಹಾಂ, ಹಾಗೇ ಇರಿ." ಇದರಲ್ಲಿ ಮೋಸವಿದೆ ಎಂದು ಅವರಿಗೆ ಒಂದು ದಿನವೂ ಅನಿಸಿರಲಿಲ್ಲ. ಕೂತವರೊಳಗೆ ಚೆಂದವಾಗಿದ್ದದ್ದನ್ನು ಹುಡುಕಿ ತೆಗೆಯುತ್ತಿದ್ದೇನೆ ಎಂದೇ ಅಂದುಕೊಂಡಿದ್ದರು.

ಕೈಗೊಂದು ಫೋನು ಬಂದ ಮೇಲೆ ಊರಿನವರೆಲ್ಲ ಫೋಟೋಗ್ರಾಫರೇ ಆದರು. ಸ್ಟುಡಿಯೋಗೆ ಬರುವವರು ಪಾಸ್‌ಪೋರ್ಟಿಗೆ ಮುಖ ಬೇಕಾದವರು ಮಾತ್ರ; ಆಮೇಲೆ ಅವರೂ ನಿಂತರು. ಒಂದು ಬೆಳಗ್ಗೆ ಭಾವ ಹಾಸಿಗೆ ಬಿಟ್ಟು ಏಳಲಿಲ್ಲ. ಜ್ವರವಿಲ್ಲ, ನೋವಿಲ್ಲ, ಗೋಡೆಯ ಕಡೆ ಮುಖ ಮಾಡಿ ಮಲಗಿದವರು ಒಂದೂವರೆ ವರ್ಷ ಹಾಗೇ ಇದ್ದರು. ಅಕ್ಕ ತಟ್ಟೆ ಹಿಡಿದು ಪಕ್ಕದಲ್ಲಿ ಕೂರುತ್ತಿದ್ದಳು, ತಟ್ಟೆಯಲ್ಲಿದ್ದದ್ದು ಆರುತ್ತಿತ್ತು, ಅಕ್ಕ ಎದ್ದು ಬರುತ್ತಿದ್ದಳು. ಆ ಒಂದೂವರೆ ವರ್ಷದಲ್ಲಿ ಅಕ್ಕನ ಕೂದಲು ಪೂರ್ತಿ ಬೆಳ್ಳಗಾಯಿತು.

ಅವರನ್ನು ಎಬ್ಬಿಸಿದ್ದು ಕೆಂಪು ದೀಪ. ನೋಡಲು ಬಂದ ಹಳೆಯ ಸ್ನೇಹಿತರೊಬ್ಬರು, ಓಟಗಾರರು ಕಾಲಿನ ಆಯಾಸಕ್ಕೆ ಕೆಂಪು ಬೆಳಕು ಹಿಡಿಸಿಕೊಳ್ಳುತ್ತಾರೆ, ಹಾಗೊಂದು ಪೆಟ್ಟಿಗೆಯೇ ಬಂದಿದೆ ಎಂದು ಸುಮ್ಮನೆ ಮಾತಿಗೆ ಹೇಳಿದರು. ಭಾವ ಗೋಡೆ ಬಿಟ್ಟು ಈ ಕಡೆ ಹೊರಳಿದರು. "ಕೆಂಪು ದೀಪವಾ? ಅರ್ಧ ಆಯುಷ್ಯ ಫೋಟೋ ತೊಳೆಯೋ ಡಾರ್ಕ್‌ರೂಮಿನಲ್ಲಿ ಕೆಂಪು ದೀಪದ ಕೆಳಗೇ ಕಳೆದಿದ್ದೀನಿ ನಾನು. ನನ್ನ ಕೈ ನೋಡು, ಒಂದು ಸುಕ್ಕಿದೆಯಾ?" ಎಂದರು. ಸುಕ್ಕು ಬೇಕಾದಷ್ಟಿತ್ತು, ಆದರೆ ಎದ್ದು ಕೂತ ಗಂಡನಿಗೆ ಯಾವ ಹೆಂಡತಿ ಎದುರಾಡುತ್ತಾಳೆ? ತಿಂಗಳೊಳಗೆ ಪೆಟ್ಟಿಗೆ ಬಂತು. ಮೊಣಕಾಲೆತ್ತರದ ಬಿಳಿ ಪೆಟ್ಟಿಗೆ, ಮುಂದೆ ಎರಡು ತೂತು, ಒಳಗೆ ಸಾಲು ಸಾಲು ಕೆಂಪು ದೀಪ. ಕಾಲು ಒಳಗಿಟ್ಟು ಕಪ್ಪು ಕನ್ನಡಕ ಹಾಕಿಕೊಂಡು ಇಪ್ಪತ್ತು ನಿಮಿಷ ಅಲ್ಲಾಡದೆ ಕೂರಬೇಕು. ಹಿಂದೆ ಮದುಮಕ್ಕಳ ಫೋಟೋ ಇಡುತ್ತಿದ್ದ ಗಾಜಿನ ಪ್ರದರ್ಶನ ಜಾಗದಲ್ಲೇ ಪೆಟ್ಟಿಗೆ ಕೂತಿತು. ಅದರ ಮುಂದೆ ಮೊದಲು ಕೂತವಳು, ಇನ್ಯಾರು, ಪುಟ್ಟಿ.

ಸುಳ್ಳು ಹೇಳಬಾರದು, ಮೊದಮೊದಲು ಹಾಯೆನಿಸಿತು. ಮೂವತ್ತು ಕಿಲೋಮೀಟರ್ ಓಡಿ ಬಂದ ಪಾದಗಳನ್ನು ಎಳೆಬಿಸಿಲಿನಲ್ಲಿ ಇಟ್ಟಂತಾಗುತ್ತಿತ್ತು. ಬೆರಳ ಸಂದಿಯ ಬೊಕ್ಕೆಗಳು ನಾಲ್ಕೇ ದಿನದಲ್ಲಿ ಒಣಗಿದವು, ಹಿಮ್ಮಡಿಯ ಬಿರುಕು ಮುಚ್ಚಿತು, ಪಾದದ ಬಿಗಿತ ಇಳಿಯಿತು. ಭಾವ ವಾರಕ್ಕೊಂದು ಫೋಟೋ ತೆಗೆದು, ಕೆಳಗೆ ಮೊದಲನೇ ವಾರ, ಎರಡನೇ ವಾರ ಎಂದು ಚೆಂದದ ಅಕ್ಷರದಲ್ಲಿ ಬರೆದು ಗೋಡೆಗೆ ಹಚ್ಚಿದರು. ಪುಟ್ಟಿಯ ಪಾದಗಳು ಅಷ್ಟು ಚೆಂದವಿವೆ ಎಂದು ಪುಟ್ಟಿಗೂ ಗೊತ್ತಿರಲಿಲ್ಲ. ನೋಡಿದವರು ನಿಂತರು, ನಿಂತವರು ಒಳಗೆ ಬಂದರು. ಓಟದ ಗುಂಪಿನವರು ಬಂದರು, ಹಿಮ್ಮಡಿ ಒಡೆದ ನಿವೃತ್ತ ಮೇಷ್ಟ್ರು ಬಂದರು, ದಿನವಿಡೀ ಪೆಡಲ್ ತುಳಿಯುವ ಟೈಲರಮ್ಮ ಬಂದರು. ಭಾವ ಬೆಳಗ್ಗೆ ಗಡ್ಡ ಬೋಳಿಸಿಕೊಳ್ಳುತ್ತ ಹಾಡತೊಡಗಿದರು. ಅಕ್ಕ ಒಲೆಯ ಮುಂದೆ ನಿಂತು ಆ ಹಾಡನ್ನು ಕೇಳುತ್ತಿದ್ದ ರೀತಿ ಪುಟ್ಟಿಯ ಕಣ್ಣಿಗೆ ಬಿತ್ತು, ಅಲ್ಲಿಂದಾಚೆಗೆ ಅವಳ ಬಾಯಿ ಕಟ್ಟಿಹೋಯಿತು.

ಒಂಬತ್ತನೇ ವಾರ ಎಡಪಾದದ ಮೇಲ್ಭಾಗದಲ್ಲಿ, ನಡುಬೆರಳ ಹಿಂದೆ ಒಂದು ನೋವು ಶುರುವಾಯಿತು. ಬೊಕ್ಕೆಯ ನೋವಲ್ಲ, ಬಿಗಿತದ್ದಲ್ಲ. ಒಳಗೆಲ್ಲೋ ಒಂದು ಬಿಂದುವಿನಲ್ಲಿ ಕೂತು ಹೆಜ್ಜೆಗೊಮ್ಮೆ ಕುಟುಕುವ ನೋವು. ಓಡುವವರಿಗೆ ಎಲ್ಲರಿಗೂ ಒಂದು ದಡ್ಡತನವಿರುತ್ತದೆ, ನೋವನ್ನು ಓಡಿಯೇ ಓಡಿಸುತ್ತೇವೆ ಎಂದುಕೊಳ್ಳುತ್ತಾರೆ. ಪುಟ್ಟಿಯೂ ಓಡಿದಳು. ಶೂ ಲೇಸನ್ನು ಆ ಜಾಗದಲ್ಲಿ ಎರಡು ತೂತು ಬಿಟ್ಟು ಕಟ್ಟಿದಳು. ಎಡಗಾಲು ಕುಂಟುವುದು ಕಾಣದಿರಲೆಂದು ಬಲಗಾಲನ್ನೂ ಅಷ್ಟೇ ಕುಂಟಿಸಿ ನಡೆಯುವುದನ್ನು ಕಲಿತಳು. ಟಿಕೆಟ್ ಕಿಟಕಿಯ ಕೆಳಗೆ ಯಾರಿಗೂ ಕಾಣದಂತೆ ಶೂ ಬಿಚ್ಚಿ ಪಾದವನ್ನು ತಣ್ಣನೆಯ ಕಬ್ಬಿಣದ ಹಣದ ಪೆಟ್ಟಿಗೆಯ ಮೇಲಿಟ್ಟು ಕೂತಳು.

ಸಂಜೆ ಮತ್ತೆ ಕೆಂಪು ಪೆಟ್ಟಿಗೆ. ಕಾಲು ಪೆಟ್ಟಿಗೆಯೊಳಗಿರುವ ಮನುಷ್ಯ ಎದ್ದು ಹೋಗುವಂತಿಲ್ಲ ಎಂಬುದು ಅಷ್ಟರಲ್ಲಿ ಬೀದಿಗೆಲ್ಲ ಗೊತ್ತಾಗಿತ್ತು. ಬೇರೆಲ್ಲೂ ಕೇಳುವವರಿಲ್ಲದ ಮಾತುಗಳೆಲ್ಲ ಆ ಇಪ್ಪತ್ತು ನಿಮಿಷಕ್ಕೆ ಕಾದು ಅವಳ ಕಿವಿಗೆ ಬರುತ್ತಿದ್ದವು. ಟೈಲರಮ್ಮ ಸೊಸೆಯ ಕಥೆ ಹೇಳುತ್ತಿದ್ದರು, ಮೇಷ್ಟ್ರು ತಾವು ಬರೆಯುತ್ತಿದ್ದ ಆತ್ಮಕಥೆಯನ್ನು ಓದುತ್ತಿದ್ದರು. ಅದಿನ್ನೂ ಮೂರನೇ ಕ್ಲಾಸಿನಲ್ಲಿತ್ತು. ಹೊರಗೆ ಹೋಗುವವರು ಗಾಜಿಗೆ ಮೂಗು ಒತ್ತಿ ನೋಡುತ್ತಿದ್ದರು. ಎಲ್ಲರೂ ಕಡೆಗೆ ಹೇಳುತ್ತಿದ್ದುದು ಒಂದೇ ಮಾತು: "ಈಗ ಪೂರ್ತಿ ವಾಸಿಯಾಯ್ತಲ್ಲ ಪುಟ್ಟಿ!" ಅದು ಪ್ರಶ್ನೆಯಲ್ಲ. ಭಾವ ಕೂಡ ಹಾಗೇ ಹೇಳುತ್ತಿದ್ದರು, "ಇವತ್ತು ನಿನ್ನೆಗಿಂತ ಹಗುರ, ಅಲ್ವಾ?" ಅವಳು ಕಪ್ಪು ಕನ್ನಡಕದೊಳಗೆ ಕಣ್ಣು ಮುಚ್ಚಿ "ಹ್ಞೂಂ ಭಾವ" ಎನ್ನುತ್ತಿದ್ದಳು.

ಫೋಟೋಗಳು ಮಾತ್ರ ವಾರದಿಂದ ವಾರಕ್ಕೆ ಚೆಂದವಾಗುತ್ತಲೇ ಹೋದವು. ಎಡಪಾದದ ಮೇಲೆ ಸಣ್ಣ ಊತ ಬಂದಿತ್ತು. ಆದರೆ ಅದು ಬಂದ ವಾರವೇ ಭಾವನ ಕೈ ತಾನಾಗಿ ದೀಪವನ್ನು ಒಂದು ಗೇಣು ಎಡಕ್ಕೆ ಸರಿಸಿತು. "ಹಿಮ್ಮಡಿ ಸ್ವಲ್ಪ ಒಳಗೆ ತಿರುಗಿಸು, ಹಾಂ, ಬೆರಳು ಹೊರಗೆ. ಹಾಗೇ ಇರು." ಊತ ನೆರಳಿಗೆ ಬಿತ್ತು. ಅವರು ಬೇಕೆಂದು ಮಾಡಿದ್ದಲ್ಲ. ಮೂವತ್ತು ವರ್ಷ ಜನರ ಮೆಳ್ಳೆಗಣ್ಣು ಮುಚ್ಚಿದ ಕೈ, ಪಾದವನ್ನು ಕಂಡಾಗಲೂ ಅದೇ ಕೆಲಸ ಮಾಡಿತು. ಆಮೇಲೆ ಗೋಡೆಯ ಮುಂದೆ ಕೈಕಟ್ಟಿ ನಿಂತು, ತಮ್ಮ ಫೋಟೋವನ್ನೇ ಸಾಕ್ಷಿ ಮಾಡಿಕೊಂಡು, "ಹದಿಮೂರನೇ ವಾರ ನೋಡು. ಹುಟ್ಟಿದ ಮಗುವಿನ ಪಾದ!" ಎನ್ನುತ್ತಿದ್ದರು. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ಪ್ರಮಾಣಿಸುವವರು ಯಾರು? ಪುಟ್ಟಿ ಸ್ವತಃ ಕೆಲವು ಸಂಜೆ ಆ ಗೋಡೆ ನೋಡಿ, ನೋವು ತನ್ನ ಭ್ರಮೆಯೋ ಏನೋ ಎಂದುಕೊಂಡಿದ್ದುಂಟು.

ಹದಿನಾಲ್ಕನೇ ವಾರದ ಕೊನೆಗೆ, ಭಾನುವಾರ, ಊರಿನ ದೊಡ್ಡ ಓಟ. ನಲವತ್ತೆರಡು ಕಿಲೋಮೀಟರ್. ಪುಟ್ಟಿಯ ಮೊದಲ ಪೂರ್ತಿ ಓಟ ಅದು, ಮತ್ತು ದಾರಿ ಇರುವುದು ಅಂಗಡಿಯ ಮುಂದೆಯೇ. ಭಾವ ಅವಳ ಪಾದದ ಫೋಟೋವನ್ನು ಬಾಗಿಲಿನಷ್ಟು ದೊಡ್ಡದು ಮಾಡಿಸಿ ಅಂಗಡಿಯ ನೆತ್ತಿಗೆ ಕಟ್ಟಿದರು: "ಈ ಪಾದ ಭಾನುವಾರ ನಲವತ್ತೆರಡು ಕಿಲೋಮೀಟರ್ ಓಡುತ್ತದೆ." ತನ್ನದೇ ಕಾಲಿನ ಕೆಳಗೆ ನಡೆದು ಮನೆಯೊಳಗೆ ಹೋಗುವ ಭಾಗ್ಯ ಎಷ್ಟು ಜನಕ್ಕೆ ಸಿಗುತ್ತದೆ? ಪುಟ್ಟಿ ದಿನಕ್ಕೆರಡು ಸಲ ಹೋದಳು.

ಬುಧವಾರ ಕಿಟಕಿಗೆ ರಜೆ ಹಾಕಿ, ಯಾರಿಗೂ ಹೇಳದೆ ಮೂಳೆ ಡಾಕ್ಟರ ಹತ್ತಿರ ಹೋದಳು. ಡಾಕ್ಟರಮ್ಮ ಮಾತಿನಲ್ಲಿ ಬೆಲ್ಲ ಬೆರೆಸುವವರಲ್ಲ. ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ಪೆನ್ನಿನ ತುದಿಯಿಂದ ಒಂದು ಗೆರೆ ತೋರಿಸಿದರು.

"ಕೂದಲೆಳೆ ಬಿರುಕು. ಎಷ್ಟು ದಿನದಿಂದ ಓಡ್ತಿದ್ದೀರಿ ಇದರ ಮೇಲೆ?"

"ಐದು ವಾರ. ಕೆಂಪು ಬೆಳಕು ತಗೋತಿದ್ದೀನಿ ಡಾಕ್ಟ್ರೇ, ದಿನಾ ಇಪ್ಪತ್ತು ನಿಮಿಷ."

"ತಗೊಳ್ಳಿ, ನಾನೇನೂ ಬೇಡ ಅನ್ನಲ್ಲ. ಚರ್ಮಕ್ಕೆ ಒಳ್ಳೇದಿರಬಹುದು, ಸುಸ್ತಾದ ಮಾಂಸಖಂಡಕ್ಕೆ ಹಾಯೆನಿಸಬಹುದು. ಆದ್ರೆ ಬಿರುಕು ಬಿಟ್ಟ ಮೂಳೆ ಮೇಲೆ ದಿನಾ ಕುಣಿದು, ಸಂಜೆ ದೀಪ ತೋರಿಸಿದ್ರೆ ಅದು ಕೂಡುತ್ತಾ? ಹಾಗೆ ಕೂಡೋದಾದ್ರೆ ನಾನು ಆಸ್ಪತ್ರೆ ಮುಚ್ಚಿ ಬಲ್ಬ್ ಅಂಗಡಿ ಇಡ್ತಿದ್ದೆ."

"ಭಾನುವಾರ ಒಂದು ಓಟ ಇದೆ."

"ಇರಲಿ, ಓಡುವವರು ಓಡ್ತಾರೆ. ನೀವು ಓಡಿದ್ರೆ ಈ ಗೆರೆ ಇದೆಯಲ್ಲ, ಅದು ಎರಡು ತುಂಡಾಗುತ್ತೆ. ಆಮೇಲೆ ಕೊಯ್ದು ಸ್ಕ್ರೂ ಹಾಕಬೇಕು. ಆಮೇಲೆ ನೀವು ಓಡೋದು ಅನುಮಾನ. ಈಗಲೇ ಪ್ಲಾಸ್ಟರ್ ಹಾಕಿದ್ರೆ ಎಂಟು ವಾರ, ಮತ್ತೆ ಮೊದಲಿನ ಹಾಗೆ ಓಡಬಹುದು. ಹಾಕಲಾ?"

ಪ್ಲಾಸ್ಟರ್ ಹಾಕಿಸಿಕೊಂಡು ಆ ಬ್ಯಾನರಿನ ಕೆಳಗೆ ನಡೆದುಹೋಗುವುದನ್ನು ಪುಟ್ಟಿ ಊಹಿಸಿಕೊಂಡಳು. "ಮನೇಲಿ ಕೇಳಿ ಬರ್ತೀನಿ" ಎಂದಳು. ಮೂವತ್ತಾರು ವರ್ಷದ ಹೆಂಗಸು ತನ್ನ ಕಾಲಿಗೆ ಪ್ಲಾಸ್ಟರ್ ಹಾಕಿಸಲು ಮನೆಯಲ್ಲಿ ಕೇಳುತ್ತಾಳಂತೆ! ಡಾಕ್ಟರಮ್ಮ ಕನ್ನಡಕದ ಮೇಲಿಂದ ನೋಡಿ, ಎಕ್ಸ್‌ರೇಯನ್ನು ಕವರಿಗೆ ಹಾಕಿ ಕೊಟ್ಟರು.

ಭಾವನಿಗೆ ಹೇಳಲು ಬಾಯಿ ಬರಲಿಲ್ಲ. ಅವರು ಏಣಿಯ ಮೇಲೆ ನಿಂತು ಬ್ಯಾನರಿನ ಸುಕ್ಕು ಬಿಡಿಸುತ್ತ ಹಾಡುತ್ತಿದ್ದರು. ಅಕ್ಕ ಮಹಡಿಯಲ್ಲಿ ಬಟ್ಟೆ ಮಡಿಸುತ್ತಿದ್ದಳು. ಪುಟ್ಟಿ ಎದುರಿಗೆ ಕೂತು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ಅಕ್ಕ ಮಡಿಸುವುದನ್ನು ನಿಲ್ಲಿಸಲಿಲ್ಲ.

"ಗೊತ್ತು" ಎಂದಳು.

"ಏನು ಗೊತ್ತು?"

"ಒಂದು ತಿಂಗಳಿಂದ ನೀನು ಮೆಟ್ಟಿಲಿಳಿಯೋ ಸದ್ದು ಬದಲಾಗಿದೆ. ಒಂದು ಹೆಜ್ಜೆ ಬೇಗ, ಒಂದು ತಡ. ಸಾಕಿದವಳಿಗೆ ಗೊತ್ತಾಗಲ್ವೇನೇ?"

"ಗೊತ್ತಿದ್ದೂ ಸುಮ್ಮನಿದ್ಯಾ ಅಕ್ಕಾ?"

ಅಕ್ಕ ಮಡಿಸಿದ ಅಂಗಿಯನ್ನು ಬಿಡಿಸಿ ಮತ್ತೆ ಮಡಿಸಿದಳು. "ಅವರು ಹಾಡ್ತಿರೋದು ಕೇಳಿಸ್ತಿದೆಯಾ? ಒಂದೂವರೆ ವರ್ಷ ಆ ಮನುಷ್ಯನ ಬೆನ್ನು ನೋಡಿಕೊಂಡು ಬದುಕಿದ್ದೀನಿ ನಾನು. ಇನ್ನೊಂದು ಸಲ ಮಲಗಿದ್ರೆ ಅವರು ಏಳಲ್ಲ, ಪುಟ್ಟಿ. ಭಾನುವಾರ ಒಂದು ದಿನ. ಓಡು, ಆಗದಿದ್ರೆ ನಡಿ, ಹೇಗಾದ್ರೂ ಮುಗಿಸು. ಸೋಮವಾರ ನಾನೇ ಕರ್ಕೊಂಡು ಹೋಗಿ ಪ್ಲಾಸ್ಟರ್ ಹಾಕಿಸ್ತೀನಿ."

"ಆಮೇಲೆ ಓಡೋಕಾಗಲ್ಲ ಅಂತಿದ್ದಾರೆ ಡಾಕ್ಟ್ರು."

"ಓಡದೇನೂ ಜನ ಬದುಕ್ತಾರೆ. ನಾನು ಒಂದು ದಿನ ಓಡಿದ್ದೀನಾ?"

ಅದನ್ನು ಅಕ್ಕ ಕಟುವಾಗಿ ಹೇಳಲಿಲ್ಲ. ನಿಜವೆಂದೇ ಹೇಳಿದಳು. ಅದಕ್ಕೇ ಪುಟ್ಟಿಯ ಎದೆಗೆ ನೇರವಾಗಿ ನಾಟಿತು. ಸತ್ತ ಅಮ್ಮನ ಜಾಗದಲ್ಲಿ ನಿಂತು ಜಡೆ ಹೆಣೆದವಳು, ಶಾಲೆಗೆ ಕಳಿಸಿದವಳು, ಇಪ್ಪತ್ತೇಳು ವರ್ಷದಲ್ಲಿ ಇದೊಂದೇ ಸಲ ಏನನ್ನಾದರೂ ಕೇಳಿದ್ದಳು. ಉಂಡ ಮನೆಗೆ ಎರಡು ಬಗೆಯಬಾರದು ಎಂದು ಪುಟ್ಟಿಗೂ ಗೊತ್ತು. ಒಂದು ಕಡೆ ತನ್ನ ಕಾಲು, ಇನ್ನೊಂದು ಕಡೆ ಒಬ್ಬ ಮನುಷ್ಯನ ಜೀವ. ಬಿಸಿತುಪ್ಪವನ್ನು ಬಾಯಲ್ಲಿಟ್ಟುಕೊಂಡು ಪುಟ್ಟಿ ಮೂರು ದಿನ ಕಳೆದಳು. ನುಂಗಲೂ ಇಲ್ಲ, ಉಗುಳಲೂ ಇಲ್ಲ. ಕಷ್ಟ ಬಂದಾಗೆಲ್ಲ ಕಾಲಿಗೆ ಬುದ್ಧಿ ಹೇಳಿ ಪಾರಾಗುತ್ತಿದ್ದವಳಿಗೆ ಈ ಸಲ ಕಾಲೇ ಕೈಕೊಟ್ಟಿತ್ತು.

ಶನಿವಾರ ಸಂಜೆ ಐದಕ್ಕೆ ಅಂಗಡಿ ತುಂಬಿತ್ತು. ಭಾವ ಇಸ್ತ್ರಿ ಮಾಡಿದ ಅಂಗಿ ಹಾಕಿದ್ದರು. ಗೋಡೆಯ ಮೇಲೆ ಹದಿಮೂರು ಫೋಟೋ, ಹದಿನಾಲ್ಕನೆಯದಕ್ಕೆ ಖಾಲಿ ಚೌಕಟ್ಟು. ಎಲ್ಲರ ಎದುರಿಗೆ ಕೊನೆಯ ಬೆಳಕು, ಆಮೇಲೆ ಎಲ್ಲರ ಎದುರಿಗೆ ಫೋಟೋ ಎಂದು ಭಾವ ಕಾರ್ಯಕ್ರಮ ಹಾಕಿದ್ದರು. ಪುಟ್ಟಿ ಕಾಲು ಪೆಟ್ಟಿಗೆಯೊಳಗಿಟ್ಟು ಕೂತಳು. ಓಡಿಬಿಡುತ್ತೇನೆ ಎಂದು ಆ ಹೊತ್ತಿಗೆ ಅವಳು ನಿಶ್ಚಯಿಸಿಯಾಗಿತ್ತು. ಎರಡು ನೋವಿನ ಮಾತ್ರೆ ನುಂಗಿ ಓಡುವುದು, ಮುರಿದರೆ ಮುರಿಯಲಿ. ನಿಶ್ಚಯ ಮಾಡಿದ ಮೇಲೆ ನೆಮ್ಮದಿಯಾಗಬೇಕಿತ್ತು. ಆಗಲಿಲ್ಲ.

ಮೇಷ್ಟ್ರು ನಾಲ್ಕು ಮಾತಾಡಿದರು, ಅಂದರೆ ಹನ್ನೊಂದು ನಿಮಿಷ. ಆಮೇಲೆ ಗುಂಪಿನಿಂದ ಒಬ್ಬ ಹೆಂಗಸು ಮುಂದೆ ಬಂದು ಪುಟ್ಟಿಯ ಪಕ್ಕದ ಸ್ಟೂಲಿನ ಮೇಲೆ ಕೂತಳು. ಪ್ರಾಥಮಿಕ ಶಾಲೆಯ ಟೀಚರ್, ಪುಟ್ಟಿಯದೇ ವಯಸ್ಸು, ನಾಳೆ ಅವಳದೂ ಮೊದಲ ಓಟ. ಚಪ್ಪಲಿ ಬಿಟ್ಟು ಎಡಪಾದ ಎತ್ತಿ ತೋರಿಸಿದಳು.

"ನನಗೂ ಇಲ್ಲೊಂದು ನೋವು ಶುರುವಾಗಿದೆ ರೀ. ಇಲ್ಲಿ, ನಡುಬೆರಳ ಹಿಂದೆ. ನಮ್ಮೆಜಮಾನ್ರು ಡಾಕ್ಟ್ರಿಗೆ ತೋರಿಸು ಅಂತ ಒಂದೇ ಸಮ. ನಾನು ನಿಮ್ಮ ಫೋಟೋ ತೋರಿಸಿ ಬಾಯಿ ಮುಚ್ಚಿಸಿದ್ದೀನಿ. ಅಷ್ಟು ಓಡಿದ ಕಾಲು ಬರೀ ಬೆಳಕಲ್ಲೇ ಹೂವಿನ ಹಾಗಾಗಿದೆ, ಡಾಕ್ಟ್ರು ಯಾಕೆ? ನಾಳೆ ಓಡ್ತೀನಿ. ಸೋಮವಾರದಿಂದ ನಾನೂ ದಿನಾ ಬರ್ತೀನಿ."

ಪುಟ್ಟಿ ಕನ್ನಡಕ ತೆಗೆದಳು. ಟೀಚರ್ ಪಾದದ ಮೇಲೆ ಅದೇ ಸಣ್ಣ ಊತವಿತ್ತು, ಅದೇ ಜಾಗದಲ್ಲಿ. ತನ್ನ ಕಾಲನ್ನು ಬೇಕಾದರೆ ಭಾವನಿಗೆ ದಾನ ಮಾಡಬಹುದು. ಈ ಹೆಂಗಸಿನ ಕಾಲು ಯಾರಪ್ಪನ ಮನೆ ಆಸ್ತಿ?

ಅಷ್ಟರಲ್ಲಿ ಪೆಟ್ಟಿಗೆಯ ಗಂಟೆ ಹೊಡೆಯಿತು. ಚಪ್ಪಾಳೆ. ಭಾವ ಕ್ಯಾಮೆರಾ ಎತ್ತಿಕೊಂಡು, ದೀಪವನ್ನು ಎಡಕ್ಕೆ ಸರಿಸಿ, ಒಂದು ಮೊಣಕಾಲೂರಿ ಕೂತರು. ಪುಟ್ಟಿ ಎರಡೂ ಪಾದಗಳನ್ನು ಕಪ್ಪು ಬಟ್ಟೆಯ ಮೇಲೆ ಇಟ್ಟಳು.

"ಹಿಮ್ಮಡಿ ಒಳಗೆ ಪುಟ್ಟಿ" ಎಂದರು ಭಾವ, ಕಣ್ಣು ಕ್ಯಾಮೆರಾಕ್ಕೆ ಹಚ್ಚಿ.

ಅವಳು ಅಲ್ಲಾಡಲಿಲ್ಲ.

"ಬೆರಳು ಸ್ವಲ್ಪ ಹೊರಗೆ."

"ಬೇಡ ಭಾವ. ನೇರವಾಗಿ ತೆಗೀರಿ."

"ನೇರ ಚೆನ್ನಾಗಿ ಬರಲ್ಲಮ್ಮ."

"ಬರದಿರಲಿ. ಎರಡೂ ಕಾಲು ಒಟ್ಟಿಗೆ ನೋಡಿ. ಕ್ಯಾಮೆರಾ ಬಿಟ್ಟು ನೋಡಿ."

ಧ್ವನಿ ಅಷ್ಟು ಗಟ್ಟಿಯಾಗಿ ಬರುತ್ತದೆಂದು ಅವಳೇ ಎಣಿಸಿರಲಿಲ್ಲ. ಭಾವ ಕ್ಯಾಮೆರಾ ಇಳಿಸಿದರು. ಬಲಪಾದ ನೋಡಿದರು, ಎಡಪಾದ ನೋಡಿದರು. ಗೋಡೆಯ ಕಡೆ ತಿರುಗಿ ಹದಿಮೂರು ಫೋಟೋಗಳನ್ನು ಒಂದೊಂದಾಗಿ ನೋಡಿದರು. ಒಂಬತ್ತನೆಯದರಲ್ಲಿ ಅವರ ಕಣ್ಣು ನಿಂತಿತು. ನೆರಳು ಎಲ್ಲಿ ಬಿದ್ದಿದೆ, ಯಾಕೆ ಬಿದ್ದಿದೆ ಎಂದು ಅವರಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಆ ಕಸುಬು ಅವರಷ್ಟು ಬಲ್ಲವರು ಯಾರಿದ್ದರು ಅಲ್ಲಿ?

"ಮೂಳೆ ಬಿರುಕು ಬಿಟ್ಟಿದೆ" ಎಂದಳು ಪುಟ್ಟಿ, ಭಾವನಿಗಲ್ಲ, ಟೀಚರಿಗೆ. "ನೀವು ನಾಳೆ ಓಡಬೇಡಿ. ಸೋಮವಾರ ಇಲ್ಲಿಗೂ ಬರಬೇಡಿ, ಡಾಕ್ಟ್ರ ಹತ್ತಿರ ಹೋಗಿ."

ಯಾರೋ ಹಿಂದಿನಿಂದ ನಕ್ಕರು. ಯಾರೋ "ಹಾಗಾದ್ರೆ ಇದೆಲ್ಲ?" ಎಂದು ಗೋಡೆಯ ಕಡೆ ಕೈತೋರಿಸಿದರು. ಭಾವ ಕ್ಯಾಮೆರಾದ ಕಣ್ಣಿಗೆ ಮುಚ್ಚಳ ಹಾಕಿ, ಮೆಟ್ಟಿಲು ಹತ್ತಿ ಮೇಲೆ ಹೋದರು. ಜನ ಒಬ್ಬೊಬ್ಬರಾಗಿ ಚದುರಿದರು. ಮೆಟ್ಟಿಲ ಬುಡದಲ್ಲಿ ನಿಂತಿದ್ದ ಅಕ್ಕ ತಂಗಿಯ ಮುಖವನ್ನು ಒಮ್ಮೆ ನೋಡಿ ಗಂಡನ ಹಿಂದೆ ಹೋದಳು.

ಭಾನುವಾರ ಬೆಳಗ್ಗೆ ಓಟದವರು ಬೀದಿಯಲ್ಲಿ ಹೋದರು. ಸೀಟಿ, ಚಪ್ಪಾಳೆ, ನೂರಾರು ಶೂಗಳ ಸದ್ದು. ಪುಟ್ಟಿ ಕಿಟಕಿ ತೆರೆಯಲಿಲ್ಲ. ಭಾವ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು, ಹಿಂದೆ ಮಲಗುತ್ತಿದ್ದ ಹಾಗೇ. ಅಕ್ಕ ಅಡುಗೆಮನೆಯಲ್ಲಿ ಪಾತ್ರೆಗಳ ಮೇಲೆ ಸಿಟ್ಟು ತೀರಿಸುತ್ತಿದ್ದಳು. ರಾತ್ರಿಯಿಂದ ತಂಗಿಗೆ ಆಡಿದ್ದು ಒಂದೇ ಮಾತು: "ನೀನೇ ಮಲಗಿಸಿದ್ದು. ನೀನೇ ಎಬ್ಬಿಸು."

ಪುಟ್ಟಿ ಕಾಫಿ ಲೋಟ ಹಿಡಿದು ಮಂಚದ ತುದಿಯಲ್ಲಿ ಕೂತಳು. ಏನು ಹೇಳಬೇಕು? ತಪ್ಪಾಯಿತು ಎಂದರೆ ಅದು ಸುಳ್ಳು. ತಪ್ಪಲ್ಲ ಎಂದರೆ ಈ ಬೆನ್ನು ಕಣ್ಣೆದುರಿಗಿದೆ. ಎದ್ದು ಹೋಗುವ ಹಾಗೂ ಇಲ್ಲ. ಕಾಫಿ ಆರಿತು, ಮೇಲೆ ಕೆನೆ ಕಟ್ಟಿತು. ನಾನು ನನ್ನ ಕಾಲು ಉಳಿಸಿಕೊಂಡು ಈ ಮನುಷ್ಯನನ್ನು ಕಳೆದುಕೊಂಡೆ ಎಂದು ಅವಳಿಗೆ ಖಚಿತವಾಯಿತು. ಹೊರಗೆ ಕೊನೆಯ ಓಟಗಾರರೂ ದಾಟಿಹೋಗಿ ಬೀದಿ ಸುಮ್ಮನಾಯಿತು.

"ಪುಟ್ಟಿ" ಎಂದರು ಭಾವ, ಗೋಡೆಗೆ. "ಯಾವಾಗಿನಿಂದ ನೋಯ್ತಿದೆ?"

ಐದು ವಾರದಲ್ಲಿ ಆ ಮನೆಯಲ್ಲಿ ಯಾರಾದರೂ ಅದನ್ನು ಕೇಳಿದ್ದು ಅದೇ ಮೊದಲು. ಅವಳು ಆರಿದ ಲೋಟವನ್ನು ನೆಲದ ಮೇಲಿಟ್ಟಳು.

"ಒಂಬತ್ತನೇ ವಾರದಿಂದ."

"ಫೋಟೋ ತೆಗೆಯುವಾಗಲೂ?"

"ಆಗಲೂ."

"ಹಿಮ್ಮಡಿ ತಿರುಗಿಸು ಅಂದಾಗ?"

"ಆಗ ಜಾಸ್ತಿ ನೋಯ್ತಿತ್ತು ಭಾವ."

ಮಂಚ ಕಿರುಗುಟ್ಟಿತು. ಭಾವ ಈ ಕಡೆ ಹೊರಳಿ, ಕೈಯೂರಿ, ಎದ್ದು ಕೂತರು. ಒಂದೇ ರಾತ್ರಿಯಲ್ಲಿ ಮುಖ ಇಳಿದುಹೋಗಿತ್ತು. ಕನ್ನಡಕ ಹುಡುಕಿ ಹಾಕಿಕೊಂಡರು. "ಎಲ್ಲಿ, ಕೊಡು" ಎಂದರು. ಅವಳು ಪಾದವನ್ನು ಹಾಸಿಗೆಯ ಮೇಲೆತ್ತಿ ಇಟ್ಟಳು. ಅದನ್ನು ತಿರುಗಿಸದೆ, ಸರಿಪಡಿಸದೆ, ಇದ್ದ ಹಾಗೇ ನೋಡಿದರು. ಆಮೇಲೆ ಹೆಬ್ಬೆರಳಿನಿಂದ, ಮೂಳೆಯ ಗುಂಟ, ಒಂದೊಂದೇ ಅಂಗುಲ ಮೆಲ್ಲಗೆ ಒತ್ತುತ್ತ ಬಂದರು.

ಆ ಜಾಗ ತಲುಪಿದಾಗ ಪುಟ್ಟಿ ಕಿರುಚಿದಳು.

ಅಂಥ ಕಿರುಚು ಆ ಮನೆ ಹಿಂದೆ ಕೇಳಿರಲಿಲ್ಲ. ಕಿರುಚಿ ನಿಲ್ಲಿಸಲೂ ಆಗಲಿಲ್ಲ. ಐದು ವಾರದ ಒಂದೊಂದು ಹೆಜ್ಜೆಯೂ ಒಂದರ ಹಿಂದೊಂದು ಹೊರಗೆ ಬಂದಂತೆ ಅತ್ತಳು, ಚಿಕ್ಕ ಮಗುವಿನ ಹಾಗೆ ಬಾಯಿ ಬಿಟ್ಟು ಅತ್ತಳು. ಭಾವ ಕೈ ಹಿಂದೆಳೆದುಕೊಂಡು ಬೆಪ್ಪಾಗಿ ಕೂತರು. ಅಡುಗೆಮನೆಯಲ್ಲಿ ಏನೋ ಕೆಳಗೆ ಬಿತ್ತು, ಅಕ್ಕ ಓಡಿ ಬಂದಳು. ಒಂದು ದಿನವೂ ಓಡದವಳು ಒದ್ದೆ ಕೈಯಲ್ಲೇ ಓಡಿ ಬಂದು ಬಾಗಿಲಲ್ಲಿ ನಿಂತಳು. ಎದ್ದು ಕೂತಿದ್ದ ಗಂಡನನ್ನು ಅವಳು ನೋಡಲೇ ಇಲ್ಲ. ನೆಲದ ಮೇಲೆ ಕುಸಿದು, ತಂಗಿಯ ಎಡಗಾಲನ್ನು ಎರಡೂ ಕೈಯಲ್ಲಿ ಎತ್ತಿ ಮಡಿಲಿಗೆ ಹಾಕಿಕೊಂಡಳು.

"ಇಷ್ಟೊಂದು ನೋಯ್ತಿದೆ ಅಂತ ನನಗೆ ಗೊತ್ತಿರಲಿಲ್ಲ ಕಣೇ" ಎಂದಳು.

"ನನಗೂ ಗೊತ್ತಿರಲಿಲ್ಲ ಅಕ್ಕಾ" ಎಂದಳು ಪುಟ್ಟಿ.